ಲಗಾಮಿಗೂ ಇಂಗ್ಲಿಷೇ ಬೇಕೆ?

‘ಇಂಗ್ಲಿಷ್ ಸಾಕಲ್ಲ, ಜರ್ಮನ್ ಯಾಕೆ?’ ಎನ್ನುವ ಸಂಶೋಧಕ ಮಿತ್ರರಿಗೆ ಈ ಮಾತು. ಪಿಎಚ್‌ಡಿ ನಡುವೆಯೇ ಜರ್ಮನಿಯ ಲಾಯವೊಂದರಲ್ಲಿ ಡ್ರೆಸಾಜ್ ಕುದುರೆಗಳನ್ನು ಪಳಗಿಸಲು ಕಲಿಯುತ್ತಿದ್ದೇನೆ, ಜೊತೆಗೆ ಭಾಷೆಯನ್ನೂ. ಅಲ್ಲಿನ ತರಬೇತಿಗೆ ಆರು ಮೆಟ್ಟಿಲು, ಮೂರನೆಯದು ‘ಆನ್‌ಲೇನುಂಗ್’. ಇಂಗ್ಲಿಷಿನಲ್ಲಿ ಅದು ‘ಕಾಂಟ್ಯಾಕ್ಟ್’. ಅದನ್ನೇ ನಂಬಿ ಲಗಾಮು ಬಿಗಿಹಿಡಿದೆ. ಕುದುರೆ ತಲೆ ಕೊಡವಿ ನಿಂತೇಬಿಟ್ಟಿತು.

ಜರ್ಮನ್ ಪದದೊಳಗೆ ‘ಲೇನೆನ್’ ಇದೆ, ಅಂದರೆ ಒರಗುವುದು. ಸವಾರ ಎಳೆಯುವುದಲ್ಲ, ಹಿಂಗಾಲಿನ ಬಲದಿಂದ ಮುಂದೆ ಬರುವ ಕುದುರೆಯೇ ಅವನ ಕೈಯನ್ನು ಅರಸಬೇಕು, ಹಗುರವಾಗಿ. ಕನ್ನಡದಲ್ಲಿ ಇದಕ್ಕೆ ‘ಆಸರೆ’ ಎಂಬ ಮಾತಿದೆ (ಇಂಗ್ಲಿಷ್ ದಾಟಿ ಬರಬೇಕಾಗಿರಲಿಲ್ಲ!). ಆದರೂ ಹೆಗೆಲ್‌ನನ್ನು ಇಂಗ್ಲಿಷಿನಲ್ಲೇ ಓದಿ ‘ಜರ್ಮನ್ ಚಿಂತನೆ’ಯ ಮೇಲೆ ಧೈರ್ಯವಾಗಿ ಪ್ರಬಂಧ ಒಪ್ಪಿಸುತ್ತೇವೆ. ಅಲ್ಲಿ ತಲೆ ಕೊಡವುವವರಿಲ್ಲ.

ನನ್ನ ಎರಡನೇ ಅಧ್ಯಾಯವೂ ಅಂಥದ್ದೇ. ಮತ್ತೆ ಬರೆಯಲು ಕೂತಿದ್ದೇನೆ.