ಒಂದು 'ಎಸ್' ಅಕ್ಷರದ ಕಥೆ

ಹಳ್ಳಿಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ನಾನು ಖರ್ಚು ಮಾಡಿದ ಕೆಂಪು ಮಸಿಯಲ್ಲಿ ಬಹುಪಾಲು ಹೋದದ್ದು ಒಂದೇ ಅಕ್ಷರಕ್ಕೆ: ವರ್ತಮಾನಕಾಲದ ಕ್ರಿಯಾಪದದ ಕೊನೆಗೆ ಬರುವ 'ಎಸ್'.

ಎಂಟನೆಯ ತರಗತಿಯ ಹುಡುಗಿಯೊಬ್ಬಳು 'ಮೈ ಮದರ್ ಸೆಲ್ ಫ್ಲವರ್ಸ್. ಮೈ ಸಿಸ್ಟರ್ಸ್ ಹೆಲ್ಪ್ಸ್ ಹರ್' ಎಂದು ಬರೆದಿದ್ದಳು. ಎಬ್ಬಿಸಿ ನಿಲ್ಲಿಸಿ ಗದರಿದೆ. "ಅಮ್ಮ ಒಬ್ಬಳೇ ಅಲ್ವಾ ಸಾರ್, ಅಕ್ಕಂದಿರು ಇಬ್ಬರು. ಅದಕ್ಕೇ ಎರಡು ಕಡೆನೂ ಎಸ್ ಹಾಕಿದೀನಿ" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆ ವರ್ಷವಿಡೀ ಆಕೆ ನನ್ನ ಪಾಠದಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ.

ಆ ಉತ್ತರದಲ್ಲಿದ್ದ ತರ್ಕ ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಎಸ್ ಸೇರಿದರೆ ಬಹುವಚನ ಎಂದು ಕಲಿಸಿದವನು ನಾನೇ. ಕನ್ನಡದಲ್ಲಿ ಕರ್ತೃಪದ ಬಹುವಚನವಾದರೆ ಕ್ರಿಯಾಪದವೂ ಅದನ್ನೇ ಅನುಸರಿಸುತ್ತದೆ. ಆಕೆ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಇಂಗ್ಲಿಷಿನಲ್ಲಿಯೋ ಎಲ್ಲ ತಿರುವುಮುರುವು: ನಾಮಪದಕ್ಕೆ ಎಸ್ ಬಂದಾಗ ಕ್ರಿಯಾಪದಕ್ಕಿಲ್ಲ, ಇಲ್ಲಿದ್ದಾಗ ಅಲ್ಲಿಲ್ಲ.

ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದ ಆಖ್ಯಾತ ಪ್ರಕರಣದಲ್ಲಿ ವಿವರಿಸಿದ ಇಂಥ ಪ್ರತ್ಯಯಗಳನ್ನು ನಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ನಿರಾಯಾಸವಾಗಿ ಬಳಸುತ್ತಾರೆ. ಅಂಥವರಿಗೆ ವ್ಯಾಕರಣ ತಲೆಗೆ ಹತ್ತುವುದಿಲ್ಲವೆಂದು ಹೇಗೆ ನಂಬುವುದು? ಇಂಗ್ಲಿಷಿಗೂ ಹಿಂದೆ ಪುರುಷಕ್ಕೆ ತಕ್ಕ ಹಲವು ಪ್ರತ್ಯಯಗಳಿದ್ದವು. ಉಳಿದವೆಲ್ಲ ಉದುರಿ, ಈ ಎಸ್ ಒಂದೇ ಅಂಟಿಕೊಂಡು ನಿಂತಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಇದರ ಜಾಗದಲ್ಲಿರುವುದು 'ಎತ್'. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಆಡುಮಾತಿನಲ್ಲಂತೂ 'ಶಿ ಗೋ' ಎನ್ನುವ ರೂಢಿಯೇ ಇದೆ. ಅವರ ಪುಸ್ತಕಗಳಿಗೆ ಕೆಂಪು ಗೆರೆ ಎಳೆಯಲು ನಾನಿರಲಿಲ್ಲ!

ತಿದ್ದಬಾರದೆಂದು ನನ್ನ ವಾದವಲ್ಲ. ಈ ಒಂದಕ್ಷರ ತಪ್ಪಿದರೆ ಕೆಲಸದ ಸಂದರ್ಶನದಲ್ಲಿ ಹುಬ್ಬೇರಿಸುವವರಿದ್ದಾರೆ, ಆದ್ದರಿಂದ ಕಲಿಸಲೇಬೇಕು. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಒಂದು ಮಾತೂ ಕೂಡದೆಂಬ ಹಟವನ್ನು ನಾನು ಒಪ್ಪಲಾರೆ. ಮಗುವಿಗೆ ಚೆನ್ನಾಗಿ ತಿಳಿದಿರುವ ವ್ಯಾಕರಣವನ್ನೇ ಬಾಗಿಲಾಚೆ ನಿಲ್ಲಿಸಿ ಇನ್ನೊಂದನ್ನು ಕಲಿ ಎಂದರೆ ಅದು ಯಾವುದನ್ನು ಹಿಡಿದುಕೊಂಡು ಕಲಿತೀತು?

ಸೇವೆಯ ಕೊನೆಯ ವರ್ಷಗಳಲ್ಲಿ ಹಲಗೆಯ ಮೇಲೆ ಎರಡೂ ಭಾಷೆಗಳ ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಬರೆದು, ವ್ಯತ್ಯಾಸವನ್ನು ಮಕ್ಕಳೇ ಹುಡುಕಲೆಂದು ಸುಮ್ಮನೆ ನಿಲ್ಲುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಹೆಡ್‌ಮಾಸ್ಟರು ಬರ್ತಾರೆ ಅನ್ನೋದಕ್ಕೂ ಎಸ್ ಹಾಕಬೇಕಾ? ಅವರಿಗೂ ಏಕವಚನವಾ?" ಎಂದು ಗಾಬರಿಯಿಂದ ಕೇಳಿದ. ಹೌದಪ್ಪಾ, ಅವರಿಗೂ ಏಕವಚನವೇ ಎಂದೆ. ಈ ಸಲ ಎಲ್ಲರೂ ಒಟ್ಟಿಗೆ ನಕ್ಕೆವು.