15ಕ್ಕೆ 12

ಹೋದ ತಿಂಗಳು ಪುಣೆಯ ಒಂದು ನ್ಯೂರೋಸರ್ಜರಿ ಕ್ಲಿನಿಕ್ಕಿನಿಂದ ನನಗೊಂದು ಅನುವಾದದ ಕೆಲಸ ಬಂತು. ಮಿದುಳು, ಬೆನ್ನುಮೂಳೆ, ನರ, ಈ ಮೂರರ ಕಾಯಿಲೆಗಳಿಗೆ ತಮ್ಮಲ್ಲಿ ಏನೇನು ಚಿಕಿತ್ಸೆ ಇದೆ ಎಂದು ಹೇಳುವ ಪುಟ್ಟ ಪುಸ್ತಿಕೆ. ಮರಾಠಿ ಆಗಿದೆ, ತೆಲುಗು ಆಗುತ್ತಿದೆ, ಕನ್ನಡ ಬೇಕು. ಸೊಲ್ಲಾಪುರ, ವಿಜಯಪುರ, ಬೆಳಗಾವಿ ಕಡೆಯಿಂದ ಪೇಷಂಟುಗಳು ತುಂಬ ಬರುತ್ತಾರಂತೆ. ಮಾಡಿಕೊಟ್ಟೆ. ಬಿಲ್ ಕಳಿಸುವಾಗ ಒಂದು ಪ್ರಶ್ನೆ ಸೇರಿಸಿದೆ: ಆಪರೇಷನ್‌ಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವೂ ಕನ್ನಡದಲ್ಲಿ ಬೇಕಲ್ಲವೇ? ಮರುದಿನ ಉತ್ತರ ಬಂತು. "ಅದು ಇಂಗ್ಲಿಷಿನಲ್ಲೇ ಇರುತ್ತೆ ಮೇಡಂ. ಜೊತೆಗೆ ಬಂದವರು ವಿವರಿಸಿ ಹೇಳ್ತಾರೆ."

ಕರೆಯುವುದಕ್ಕೆ ಕನ್ನಡ, ಸಹಿಗೆ ಇಂಗ್ಲಿಷ್. ಜೊತೆಗೆ ಬಂದವರು ವಿವರಿಸುತ್ತಾರೆ ಎಂಬ ಆ ಒಂದು ವಾಕ್ಯದ ಜೊತೆ ನನ್ನ ಜಗಳ. ಈ ಪತ್ರ ಓದುತ್ತಿರುವ ನೀವು ಮುಂಬೈಯಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಇದ್ದರೆ, ಆ "ಜೊತೆಗೆ ಬಂದವರು" ಬಹುತೇಕ ನೀವೇ.

ನ್ಯೂರೋಸರ್ಜನ್‌ಗೆ ಬೇಕಿರುವುದು ಕೈಚಳಕ, ಭಾಷೆಯಲ್ಲ ಎಂದು ನನಗೆ ಬುದ್ಧಿ ಹೇಳಿದವರಿದ್ದಾರೆ. ಎಂಆರ್‌ಐ ಎಲ್ಲವನ್ನೂ ತೋರಿಸುತ್ತದಲ್ಲ, ಮಾತೇಕೆ? ಮೂಳೆ ಮುರಿದವನ ಎಕ್ಸ್-ರೇ ನೋಡುವವರಿಗೆ ಇದು ಒಂದು ಮಟ್ಟಿಗೆ ಒಪ್ಪಬಹುದಾದ ವಾದ. ಮಿದುಳಿನ ವಿಷಯದಲ್ಲಿ ತಲೆಕೆಳಗಾದ ವಾದ. ಅಲ್ಲಿ ಮಾತೇ ಒಂದು ಪರೀಕ್ಷೆ.

ತಲೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಗೆ ತಂದಾಗ ಮೊದಲು ಅಳೆಯುವುದು ಎಚ್ಚರದ ಮಟ್ಟವನ್ನು. ಅದಕ್ಕೆ 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ರೂಪಿಸಿದ ಗ್ಲಾಸ್ಗೋ ಕೋಮಾ ಸ್ಕೇಲ್ ಇದೆ. ಕಣ್ಣು ತೆರೆಯುವುದಕ್ಕೆ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಇಲ್ಲದಿದ್ದರೂ 3. ಒಟ್ಟು 13ರಿಂದ 15 ಬಂದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕೆಳಗೆ ಬಂದರೆ ಗಂಭೀರ. ಸಿ.ಟಿ. ಎಷ್ಟು ಬೇಗ, ಐಸಿಯು ಬೇಕೋ ಬೇಡವೋ, ಉಸಿರಿನ ಕೊಳವೆ ಹಾಕಬೇಕೋ ಎಂಬ ತೀರ್ಮಾನಗಳಲ್ಲಿ ಈ ಅಂಕದ ಕೈವಾಡ ದೊಡ್ಡದು.

ಈಗ ಒಂದು ಲೆಕ್ಕ ಹಾಕೋಣ. ಕೊಪ್ಪಳದ ಹಳ್ಳಿಯಿಂದ ಹಿಂದಿನ ವಾರವಷ್ಟೇ ಮುಂಬೈಗೆ ಬಂದ ಗಾರೆ ಕೆಲಸದ ಹುಡುಗನೊಬ್ಬ ಸಾರುವೆಯಿಂದ ಬಿದ್ದ ಅಂದುಕೊಳ್ಳಿ. ಎಚ್ಚರವಿದೆ, ಕಣ್ಣು ಬಿಟ್ಟಿದ್ದಾನೆ: 4. "ನಾಮ್ ಕ್ಯಾ ಹೈ? ಕೌನ್‌ಸಾ ಮಹೀನಾ ಹೈ?" ಅಂತ ಕೇಳುತ್ತಾರೆ. ಹೆದರಿದ ಹುಡುಗ "ಅಣ್ಣಾ, ತಲಿ ಭಾಳ ನೋಯಾಕತ್ತೈತ್ರಿ, ನಮ್ಮವ್ವಗ ಫೋನ್ ಮಾಡ್ರಿ" ಅನ್ನುತ್ತಾನೆ. ಬರೆದುಕೊಳ್ಳುವವರ ಕಿವಿಗೆ ಅದು ಸಂಬಂಧವಿಲ್ಲದ ಪದಗಳು: 5ರ ಬದಲು 3. "ಹಾಥ್ ಉಠಾವ್" ಅಂದರೆ ಎತ್ತುವುದಿಲ್ಲ. ಚಿವುಟಿದರೆ ಆ ಕೈಯನ್ನು ತಳ್ಳುತ್ತಾನೆ: 6ರ ಬದಲು 5. ಒಟ್ಟು 12. ಸ್ವಸ್ಥ ಬುದ್ಧಿಯ ಹುಡುಗ ಕಾಗದದ ಮೇಲೆ ಮಧ್ಯಮ ಪ್ರಮಾಣದ ಮಿದುಳು ಪೆಟ್ಟಿನ ರೋಗಿಯಾದ. ಕನ್ನಡ ಮಾತಾಡಿದ್ದಕ್ಕೆ 3 ಅಂಕ ಕಡಿತ.

ಹೆಚ್ಚು ಜಾಗ್ರತೆ ವಹಿಸಿದರೆ ನಷ್ಟವೇನು ಅನ್ನಬಹುದು. ನನಗೆ ಹೆಚ್ಚು ಭಯ ಇದರ ಉಲ್ಟಾ ತಪ್ಪಿನದು. ಎಡಗಿವಿಯ ಮೇಲ್ಭಾಗದಲ್ಲಿ ಮಿದುಳಿಗೆ ಪೆಟ್ಟಾದ ಕೆಲವರು ಸರಾಗವಾಗಿ, ಸರಿಯಾದ ರಾಗದಲ್ಲಿ, ಆದರೆ ಅರ್ಥವೇ ಇಲ್ಲದ ಮಾತಾಡುತ್ತಾರೆ. ಎದುರಿನವರು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ. ಎಂ.ಎ. ತರಗತಿಯಲ್ಲಿ ಇಂಥ ಅಫೇಸಿಯಾದ ಧ್ವನಿಮುದ್ರಣ ಕೇಳಿದಾಗ ಮೊದಲ ಅರ್ಧ ನಿಮಿಷ ನನಗೇ ಏನೂ ವಿಚಿತ್ರ ಅನ್ನಿಸಿರಲಿಲ್ಲ. ಕನ್ನಡ ಬಾರದ ಡ್ಯೂಟಿ ಡಾಕ್ಟರರ ಕಿವಿಗೆ ಅದು ಕನ್ನಡದ ಹಾಗೇ ಕೇಳಿಸುತ್ತದೆ. "ಲ್ಯಾಂಗ್ವೇಜ್ ಪ್ರಾಬ್ಲಂ" ಎಂದು ಚೀಟಿಯಲ್ಲಿ ಬರೆಯುತ್ತಾರೆ. ಒಳಗೆ ರಕ್ತಸ್ರಾವ ಹೆಚ್ಚುತ್ತಿದ್ದರೆ ಮೊದಲು ಹಾಳಾಗುವುದು ಮಾತೇ ಆಗಿರಬಹುದು. ಅದು ಹಾಳಾಗಿದೆ ಎಂದು ತಿಳಿಯುವವರೇ ಆ ಕೋಣೆಯಲ್ಲಿ ಇರುವುದಿಲ್ಲ. ಅಂಕ ಎರಡು ಇಳಿದರೆ ಮತ್ತೆ ಸ್ಕ್ಯಾನ್ ಮಾಡಬೇಕು ಎನ್ನುವ ಎಚ್ಚರ, ಮೊದಲ ಅಂಕವೇ ಊಹೆಯಾಗಿದ್ದರೆ ಯಾವ ಉಪಯೋಗಕ್ಕೆ?

ಇದು ಭಾಷಾಭಿಮಾನಿಯ ಕೊಸರಾಟ ಎಂದು ತಳ್ಳಿಹಾಕುವವರಿಗೆ ಒಂದು ಮಾತು. ಆ ಸ್ಕೇಲ್ ಬಳಸುವ ಈಗಿನ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ. ಮೊದಲನೆಯದು, ರೋಗಿಯ ಸಂವಹನಕ್ಕೆ ಅಡ್ಡಿಯಾಗುವ ಸಂಗತಿ ಏನಾದರೂ ಇದೆಯೇ ಎಂದು ಪರಿಶೀಲಿಸುವುದು. ಅಳೆಯಲಾಗದ ಭಾಗಕ್ಕೆ ಅಂಕ ಕೊಡದೆ, ಅಳೆಯಲಾಗಲಿಲ್ಲ ಎಂದೇ ಬರೆಯಿರಿ ಎನ್ನುತ್ತದೆ ಆ ಕ್ರಮ. ಉಸಿರಿನ ಕೊಳವೆ ಹಾಕಿದವರ ವಿಷಯದಲ್ಲಿ ನಮ್ಮ ಆಸ್ಪತ್ರೆಗಳು ಇದನ್ನು ಪಾಲಿಸುತ್ತವೆ. ಗಂಟಲಿಗೆ ಸಿಗುವ ಈ ಮರ್ಯಾದೆ ಭಾಷೆಗೂ ಸಿಗಲಿ ಎಂದರೆ ಹೆಚ್ಚಾಯಿತೇ?

ಇನ್ನು ಬೆನ್ನಿನ ವಿಷಯ. ಇಲ್ಲಿ ತಪ್ಪು ಮಾಡಿದ್ದು ಆಸ್ಪತ್ರೆಯೊಂದೇ ಅಲ್ಲ.

ಎರಡು ವರ್ಷದ ಹಿಂದೆ ನನ್ನ ಸೋದರಮಾವ ಗದಗಿನಿಂದ ಬಂದಿದ್ದರು. ಸೊಂಟದಿಂದ ಕಾಲಿಗೆ ಇಳಿಯುವ ನೋವು. ಸ್ಕ್ಯಾನ್ ಆಯಿತು, ಸೊಂಟದ ಕೆಳಗಿನ ಡಿಸ್ಕ್ ಹೊರಗೆ ಚಾಚಿತ್ತು. ಸರ್ಜನ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: ಮೂತ್ರ, ಮಲ ವಿಸರ್ಜನೆಯಲ್ಲಿ ಏನಾದರೂ ತೊಂದರೆ? ಸ್ಯಾಡಲ್ ಭಾಗದಲ್ಲಿ ಮರಗಟ್ಟಿದ ಅನುಭವ? ವೃತ್ತಿಯಿಂದ ಅನುವಾದಕಿಯಾದ ನಾನು, ಪದಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ನಾನು, ಅದನ್ನು ಹೀಗೆ ಅನುವಾದಿಸಿದೆ: "ಮಾವಾ, ಬ್ಯಾರೆ ಏನರ ತ್ರಾಸ ಅದ ಏನ?"

"ಏನಿಲ್ಲ ಬಿಡವಾ."

"ನೋ, ಡಾಕ್ಟರ್," ಅಂದೆ.

ಮೂರು ದಿನ ಬಿಟ್ಟು ಬನ್ನಿ ಎಂದರು. ಅವತ್ತು ರಾತ್ರಿ ಹನ್ನೊಂದೂವರೆಗೆ ಅತ್ತಿ ನನ್ನ ಕೋಣೆಯ ಬಾಗಿಲು ಬಡಿದರು. "ಮುಂಜಾನಿಂದ ಒಂದಕ್ಕ ಹೋಗಿಲ್ಲವಾ ಅವರು. ಕುಂಡಿ ಕಡೆ ಮುಟ್ಟಿದ್ರ ಗೊತ್ತಾಗವಲ್ದಂತ. ನಿನ್ನ ಮುಂದ ಹ್ಯಾಂಗ ಹೇಳತಾರ?"

ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಮೂಳೆಯ ಆಸುಪಾಸಿನಲ್ಲೇ ಮುಗಿದುಬಿಡುತ್ತದೆ. ಅದರ ಕೆಳಗೆ ಬರೀ ನರಗಳ ಕಟ್ಟು, ಕುದುರೆಯ ಬಾಲದ ಹಾಗೆ. ಡಿಸ್ಕ್ ಆ ಕಟ್ಟನ್ನೇ ಅದುಮಿದರೆ ಮೂತ್ರ, ಮಲ, ಲೈಂಗಿಕ ಶಕ್ತಿ ಎಲ್ಲ ಹೋಗಬಹುದು. ಅದನ್ನು ಗಂಟೆಗಳ ಲೆಕ್ಕದಲ್ಲಿ ಬಿಡಿಸಬೇಕು. ಮಾವನಿಗೆ ಬೆಳಗಿನ ಜಾವ ಆಪರೇಷನ್ ಆಯಿತು. ನಡೆಯುತ್ತಾರೆ. ಮೂತ್ರದ ತೊಂದರೆ ಪೂರ್ತಿ ಹೋಗಿಲ್ಲ. ಬೆಳಿಗ್ಗೆಯೇ ಕೇಳಬೇಕಾದಂತೆ ಕೇಳಿದ್ದರೆ ಪೂರ್ತಿ ಹೋಗುತ್ತಿತ್ತೇ ಎಂಬುದಕ್ಕೆ ಯಾವ ಡಾಕ್ಟರೂ ನನಗೆ ಖಚಿತ ಉತ್ತರ ಕೊಡಲಾರರು. ನಾನೂ ಕೇಳಿಲ್ಲ.

ಸೊಸೆಯ ವಯಸ್ಸಿನವಳ ಮುಂದೆ ಮಾವ ಬಾಯಿ ಬಿಡುವುದಿಲ್ಲ, ಮಾವನನ್ನು ಹಾಗೆ ಕೇಳಲು ಅವಳ ನಾಲಿಗೆ ಏಳುವುದಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಅಪ್ಪನ ಗಡ್ಡೆಯ ವಿಷಯ ಅಪ್ಪನಿಗೆ ಹೇಳದೆ ನುಂಗಿಕೊಳ್ಳುವ ಮಗ, ಅಮ್ಮನ ಮೂರು ನಿಮಿಷದ ಮಾತನ್ನು "ಚಕ್ಕರ್ ಆತಾ ಹೈ" ಎಂದು ಮೂರು ಪದದಲ್ಲಿ ಮುಗಿಸುವ ಮಗಳು, ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಾರೆ. ಅಮ್ಮ ಹೇಳಿದ್ದೇನು ನೋಡಿ. ಮನೆಯೇ ಗಿರ್ರನೆ ತಿರುಗಿದ ಹಾಗೆ ಆಗುವುದು ಬೇರೆ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕವಿಯುವುದು ಬೇರೆ. ತಲೆ ಸರಿಯಿದ್ದು ಕಾಲು ಮಾತ್ರ ಓಲಾಡುವುದು ಇನ್ನೂ ಬೇರೆ. ಒಂದು ಕಿವಿಯ ಕಡೆ ಬೆರಳು ತೋರಿಸುತ್ತದೆ, ಒಂದು ರಕ್ತದೊತ್ತಡದ ಕಡೆ, ಒಂದು ಸಣ್ಣ ಮಿದುಳಿನ ಕಡೆ. ಮೂರನ್ನೂ ಬೇರೆ ಮಾಡಿ ಹೇಳುವ ಕನ್ನಡ ಅಮ್ಮನ ಬಾಯಲ್ಲಿತ್ತು. ನಾವು ಅದನ್ನು ಒಂದೇ ಡಬ್ಬಿಗೆ ಸುರಿದು ಡಾಕ್ಟರ ಮೇಜಿನ ಮೇಲಿಟ್ಟೆವು.

ಪುಸ್ತಕದ ಕನ್ನಡ ಹಾಕಿದರೆ ಇದು ಸರಿಹೋಗುವುದಿಲ್ಲ. ಮೇಲಿನ ಸ್ಯಾಡಲ್ ಪ್ರಶ್ನೆಯನ್ನು "ಜೀನು ಪ್ರದೇಶದ ಸಂವೇದನಾರಾಹಿತ್ಯ" ಎಂದು ಅಚ್ಚುಹಾಕಿಸಿದರೆ ಮಾವನಿಗೆ ಇಂಗ್ಲಿಷೇ ವಾಸಿ. "ಕೂತಾಗ ನೆಲಕ್ಕೆ ತಾಗೋ ಜಾಗ ಜೋಮು ಹಿಡಿದಂಗೆ ಆಗಿದೆಯಾ? ತೊಳ್ಕೊಳ್ಳುವಾಗ ನೀರು ಬಿದ್ದದ್ದು ಗೊತ್ತಾಗುತ್ತಾ?" ಹೀಗೆ ಕೇಳಬೇಕು. ಆ ಪುಸ್ತಿಕೆಯಲ್ಲಿ "ನರ" ಎಂಬ ಒಂದೇ ಪದ ನನ್ನ ಅರ್ಧ ದಿನ ತಿಂದಿತು. ನಮ್ಮ ಕಡೆ ಡ್ರಿಪ್ ಹಾಕುವುದೂ ನರಕ್ಕೇ, ಕಾಲಿನಲ್ಲಿ ನೀಲಿಯಾಗಿ ಉಬ್ಬುವುದೂ ನರವೇ. ಇನ್ನು ನರದೌರ್ಬಲ್ಯ ಎಂದು ಬರೆದರಂತೂ ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ನೆನಪಾಗಿ ಪೇಷಂಟ್ ಅರ್ಧ ದಾರಿಯಿಂದ ವಾಪಸ್! ಕೊನೆಗೆ ಪ್ರತಿ ಸಲವೂ ಯಾವ ನರ, ಏನು ಕೆಲಸ ಮಾಡುತ್ತದೆ ಎಂದು ಬಿಡಿಸಿ ಬರೆದೆ. ಪದಗಳ ಲೆಕ್ಕ ಹೆಚ್ಚಾಯಿತೆಂದು ಕ್ಲಿನಿಕ್ಕಿನವರು ಗೊಣಗಿದರು.

ರೋಗಿಯನ್ನು ಎಚ್ಚರವಾಗಿಟ್ಟೇ ಮಿದುಳಿನ ಗಡ್ಡೆ ತೆಗೆಯುವ ಆಪರೇಷನ್ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಈ ವಿಧಾನದಲ್ಲಿ ದೊಡ್ಡ ಹೆಸರು. ಅವರಲ್ಲಿ ತರಬೇತಾದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ದೇಶದ ಮೊದಲ ನ್ಯೂರೋಸರ್ಜರಿ ವಿಭಾಗ ಶುರು ಮಾಡಿದರು. ಮಿದುಳಿಗೆ ನೋವಿನ ಅರಿವಿಲ್ಲ. ಸಣ್ಣ ವಿದ್ಯುತ್ ಕೊಟ್ಟು, ಚಿತ್ರ ತೋರಿಸಿ ಹೆಸರು ಕೇಳುತ್ತಾರೆ; ಮಾತು ನಿಂತರೆ ಆ ಜಾಗ ಬಿಟ್ಟು ಕತ್ತರಿಸುತ್ತಾರೆ. 1978ರಲ್ಲಿ ಓಜೆಮನ್ ಮತ್ತು ವಿಟೇಕರ್ ಎರಡು ಭಾಷೆ ಬಲ್ಲವರಲ್ಲಿ ಹೀಗೆ ಪರೀಕ್ಷಿಸಿ, ಎರಡಕ್ಕೂ ಸೇರಿದ ಜಾಗಗಳ ಜೊತೆಗೆ ಒಂದೊಂದಕ್ಕೇ ಸೇರಿದ ಜಾಗಗಳೂ ಇವೆ ಎಂದು ತೋರಿಸಿದರು. ಹಾಗಾದರೆ ಹಿಂದಿಯಲ್ಲಿ ಮಾತ್ರ ಚಿತ್ರ ತೋರಿಸಿ ಕತ್ತರಿಸಿದರೆ ಉಳಿಯುವ ಭರವಸೆ ಯಾವ ಭಾಷೆಗೆ? ಆಫೀಸಿನ ಭಾಷೆ ಉಳಿದು ಹೆಂಡತಿ ಮಕ್ಕಳ ಜೊತೆಗಿನ ಭಾಷೆ ಹೋದರೆ ಅದನ್ನು ಯಶಸ್ಸಿನ ಪಟ್ಟಿಗೆ ಸೇರಿಸಬೇಕೇ? ಸಾಧನ ಇಲ್ಲ ಎನ್ನುವಂತಿಲ್ಲ. ಮಿಶೆಲ್ ಪ್ಯಾರಡಿಯವರ ದ್ವಿಭಾಷಾ ಅಫೇಸಿಯಾ ಪರೀಕ್ಷೆಗೆ ಕನ್ನಡ ಆವೃತ್ತಿ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ದಶಕಗಳ ಕೆಲಸವಿದೆ. ಇಷ್ಟಾಗಿಯೂ ಪುಣೆಯಿಂದ ಮೈಸೂರಿಗೆ ಒಂದು ಫೋನ್ ಹೋಗುವುದು ಕಷ್ಟ.

ಸರ್ಜನ್‌ಗಳಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಅವರ ಹೊರರೋಗಿ ವಿಭಾಗದಲ್ಲಿ ಕಾದು ಕೂತವಳು ನಾನು, ಆ ಸಾಲು ನೋಡಿದ್ದೇನೆ. ದೇಶದ ಎಲ್ಲ ಭಾಷೆ ಕಲಿಯಿರಿ ಎಂದು ಯಾರೂ ಕೇಳುತ್ತಿಲ್ಲ. ಕೇಸ್ ಪೇಪರಿನಲ್ಲಿ ಜಾತಿ, ಧರ್ಮ, ವಿಮೆ ಕೇಳುವ ಕಡೆ ಮನೆಮಾತಿಗೂ ಒಂದು ಖಾನೆ ಇರಲಿ. ಅಂಕದ ಪಕ್ಕ ಯಾವ ಭಾಷೆಯಲ್ಲಿ ಕೇಳಿದ್ದು ಎಂದು ಬರೆಯಿರಿ. ಮೂತ್ರದ ಪ್ರಶ್ನೆಯನ್ನು ಮಗಳ ಮೂಲಕ ಕೇಳಬೇಡಿ. ಪುಣೆಯ ಯಾವ ದೊಡ್ಡ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಒಬ್ಬ ನರ್ಸ್, ಒಬ್ಬ ವಾರ್ಡ್‌ಬಾಯ್ ಇಲ್ಲ? ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕೆಂದು ಎನ್‌ಎಬಿಎಚ್ ಮಾನದಂಡವೇ ಹೇಳುತ್ತದೆ. ಅದರ ಮಾನ್ಯತಾ ಪತ್ರ ಎಷ್ಟೋ ಆಸ್ಪತ್ರೆಗಳ ರಿಸೆಪ್ಷನ್ನಿನಲ್ಲಿ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. "ಜೊತೆಗೆ ಬಂದವರ" ಮಾತಿಗೆ ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಪರೀಕ್ಷೆಗೆಂದು ಒಪ್ಪಿ ಮಲಗಿದ ಮಹಿಳೆಗೆ ಅರಿವಳಿಕೆ ಕೊಟ್ಟಿರುವಾಗ, ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಪರವಾಗಿ ತಾಯಿಯ ಒಪ್ಪಿಗೆ ನಡೆಯದು ಎಂದಿತು ನ್ಯಾಯಾಲಯ.

ನಮ್ಮವರ ಮೇಲೂ ನನಗೆ ಸಿಟ್ಟಿದೆ. ನವೆಂಬರಿನಲ್ಲಿ ಭುವನೇಶ್ವರಿಯ ಮೆರವಣಿಗೆ ಮಾಡುವ ಹೊರನಾಡಿನ ಕನ್ನಡ ಸಂಘಗಳು, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿ ಹತ್ತು ನಿಮಿಷ ದುಭಾಷಿಯಾಗಬಲ್ಲ ಹತ್ತು ಜನರ ಪಟ್ಟಿ ಮಾಡಿ ಊರಿನ ಆಸ್ಪತ್ರೆಗಳಿಗೆ ಕೊಡಬಹುದು. ಹಾಗೆಯೇ ಬೆಂಗಳೂರಿನಲ್ಲಿ ಒಡಿಯಾ, ಬಂಗಾಳಿ ಕಾರ್ಮಿಕನ ತಲೆಗೆ ಪೆಟ್ಟಾದಾಗ ಅವನನ್ನು ಕನ್ನಡದಲ್ಲಿ ಗದರಿಸಿ 12 ಅಂಕ ಕೊಡುವವರು ನಮ್ಮವರೇ.

ಕ್ಲಿನಿಕ್ಕಿಗೆ ಮತ್ತೆ ಬರೆದೆ: ಒಪ್ಪಿಗೆ ಪತ್ರ ಎರಡೇ ಪುಟ, ದುಡ್ಡು ಬೇಡ, ಮಾಡಿಕೊಡುತ್ತೇನೆ. ವಕೀಲರನ್ನು ಕೇಳಿ ಹೇಳುತ್ತೇವೆ ಎಂದಿದ್ದಾರೆ. ಪುಸ್ತಿಕೆ ಅಚ್ಚಾಗಿ ಬಂದಿದೆ, ಚೆನ್ನಾಗಿದೆ. ಒಂದು ಪ್ರತಿ ಮಾವನಿಗೆ ಕಳಿಸಿದ್ದೆ. ಓದಿ ಫೋನ್ ಮಾಡಿದ್ದರು. "ಭಾಳ ಚಲೋ ಬರದೀ. ಅವತ್ತ ಆ ಡಾಕ್ಟರ್ ಇದನ್ನೇ ಕೇಳಿದ್ನೇನ?"

"ಹೂಂ ಮಾವಾ," ಅಂದೆ.