ಸೇವೆಯ ಹೆಸರಿನಲ್ಲಿ ಕಾಯಕ ಕಸಿಯಬೇಡಿ

ಕೊರೊನಾದ ಎರಡನೆಯ ಅಲೆಯಲ್ಲಿ, 2021ರ ಬೇಸಿಗೆಯಲ್ಲಿ, ದುಬಲಗುಂಡಿಯ ನಮ್ಮ ಮನೆಯಿಂದ ಅವ್ವನನ್ನು ಬೀದರಿನ ಆಸ್ಪತ್ರೆಗೆ ಒಯ್ದೆವು. ಅವರಿಗಾಗ 71 ವರ್ಷ. 17 ದಿನ ಆಮ್ಲಜನಕದ ಮೇಲಿದ್ದು ಬದುಕಿ ಬಂದರು. ಮನೆಗೆ ಬಂದ ದಿನ ಓಣಿಯವರು ದೂರದಿಂದಲೇ ಕೈಮುಗಿದು "ಬಸವಣ್ಣ ಕಾಯ್ದ" ಎಂದರು. ನಾವೂ ರೋಗ ಮುಗಿಯಿತೆಂದೇ ತಿಳಿದೆವು. ಇಷ್ಟು ವರ್ಷ ದುಡಿದಾರೆ, ಇನ್ನು ಕುಂತು ಉಣ್ಣಲಿ ಎಂದುಕೊಂಡೆವು.

ತಪ್ಪಾದದ್ದು ಅಲ್ಲಿಯೇ.

ಮೊದಲ ವಾರ ಬಚ್ಚಲಿಗೆ ಹಿಡಿದುಕೊಂಡು ಹೋಗುವುದು ಅನಿವಾರ್ಯವಿತ್ತು. ಆದರೆ ಎರಡು ತಿಂಗಳಾದರೂ ನಾವು ಕೈ ಬಿಡಲಿಲ್ಲ. ಗಂಗಾಳ ಎತ್ತಲು ಬಾಗಿದರೆ "ಅವ್ವಾ, ನೀ ಕುಂದ್ರು" ಎಂದು ಮಗಳು ಕೂಗುತ್ತಿದ್ದಳು. ತಲೆ ಬಾಚುವುದು, ಸೀರೆ ಉಡಿಸುವುದು, ರೊಟ್ಟಿ ಮುರಿದು ಹಾಲಿನಲ್ಲಿ ಹಾಕುವುದು, ಎಲ್ಲವೂ ನಮ್ಮವೇ. ಕಡೆಗೆ ಇಷ್ಟಲಿಂಗ ಪೂಜೆಯೂ. ಎಡಗೈ ನಡುಗುತ್ತದೆ, ಲಿಂಗ ಜಾರೀತು ಎಂದು ಅಂಜಿ ನನ್ನ ಹೆಂಡತಿ ಲಿಂಗವನ್ನು ತನ್ನ ಅಂಗೈಯಲ್ಲಿಟ್ಟು ನೀರೆರೆದು ಅವರಿಗೆ ತೋರಿಸುತ್ತಿದ್ದಳು. ಒಂದು ದಿನ ಅವ್ವ ಮುಖ ತಿರುಗಿಸಿದರು. "ಅದು ನಿನ್ನ ಪೂಜಿ ಆಯ್ತು, ನಂದಲ್ಲ" ಎಂದರು. ನಡುವೆ ಪೂಜಾರಿ ಬೇಡವೆಂದು ಅಂಗೈಗೆ ಲಿಂಗ ಕೊಟ್ಟ ಧರ್ಮದವರು ನಾವು. ಆ ಮನೆಯಲ್ಲಿ ಸೊಸೆಯನ್ನು ಪೂಜಾರಿ ಮಾಡಿ ಕೂರಿಸಿದ್ದೆ. ಅಷ್ಟು ದಿನ ಅದು ನನಗೆ ಹೊಳೆದಿರಲಿಲ್ಲ.

ವಯಸ್ಸಾದವರ ದೇಹದ ಲೆಕ್ಕ ಬೇರೆ. ಆರೋಗ್ಯವಂತ ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಮೆರಿಕದ ವೈದ್ಯರು ಅಳೆದು ನೋಡಿದ್ದರು, 2007ರಲ್ಲಿ ವರದಿ ಬಂತು. ಯಾವ ರೋಗವೂ ಇಲ್ಲದೆ, ಬರೀ ಮಲಗಿದ್ದಕ್ಕೇ, ಕಾಲುಗಳ ಮಾಂಸಖಂಡದಲ್ಲಿ ಸುಮಾರು ಒಂದು ಕಿಲೋ ಕರಗಿತ್ತು. ಹಾಗಿದ್ದರೆ ಜ್ವರ, ಉಸಿರಿನ ಕಷ್ಟ, ಊಟ ಸೇರದಿರುವುದು ಕೂಡಿದ 17 ದಿನ ಏನು ಮಾಡಿರಬೇಡ? ಮನೆಗೆ ಬಂದ ಮೇಲೂ ಮಂಚದ ಮೇಲೇ ಇಟ್ಟರೆ ರೋಗ ಬಿಟ್ಟ ಕೆಲಸವನ್ನು ನಾವು ಮುಂದುವರಿಸಿದಂತೆ. ದೇಶದಲ್ಲಿ ಕೊರೊನಾದ ಮೊದಲ ಸಾವು ಪಕ್ಕದ ಕಲಬುರಗಿಯ 76 ವರ್ಷದ ಹಿರಿಯರದು, 2020ರ ಮಾರ್ಚ್‌ನಲ್ಲಿ. ಅಂದಿನಿಂದ ನಾವು ಸತ್ತವರನ್ನು ಎಣಿಸಿದೆವು, ಗುಣವಾದವರನ್ನೂ ಎಣಿಸಿದೆವು. ಗುಣವಾದವರಲ್ಲಿ ಎಷ್ಟು ಮಂದಿ ತಾವೇ ಸಂಡಾಸಿಗೆ ಹೋಗಿ ಬರುತ್ತಾರೆ ಎಂದು ನಮ್ಮ ಊರುಗಳಲ್ಲಿ ಯಾರಾದರೂ ಎಣಿಸಿದ್ದುಂಟೆ? 2006ರ ಚಿಕೂನ್‌ಗುನ್ಯಾದಲ್ಲಿಯೂ ಹೀಗೆಯೇ ಆಯಿತು. ಜ್ವರ ವಾರದಲ್ಲಿ ಇಳಿಯಿತು, ಕೀಲುನೋವಿನಿಂದ ಕೆಲವು ಮುದುಕರು ತಿಂಗಳುಗಟ್ಟಲೆ ಕಟ್ಟೆ ಇಳಿಯಲಿಲ್ಲ.

ಇದಕ್ಕೆ ನಾವು ಸೇವೆ ಎಂದು ಹೆಸರಿಟ್ಟುಕೊಂಡಿದ್ದೇವೆ. ಒಪ್ಪಿಕೊಳ್ಳೋಣ, ಬಹಳ ಸಲ ಅದು ನಮ್ಮ ಅವಸರ. ಅವ್ವ ತಾವೇ ಸ್ನಾನ ಮಾಡಲು ಮುಕ್ಕಾಲು ತಾಸು ಬೇಕು, ನಾವು ಮಾಡಿಸಿದರೆ ಹತ್ತು ನಿಮಿಷ. ಹೊಲಕ್ಕೆ ಹೋಗಬೇಕಾದ ಸೊಸೆಗೆ ಹತ್ತು ನಿಮಿಷವೇ ಸಿಗುವುದು. ಅವಳನ್ನು ನಾನು ಬೈಯಲಾರೆ. ಮನೆಯ ಗಂಡಸರು ಆ ಮುಕ್ಕಾಲು ತಾಸು ಬಚ್ಚಲ ಬಾಗಿಲ ಹೊರಗೆ ಸುಮ್ಮನೆ ಕಾದು ಕುಳಿತರೆ ಅರ್ಧ ಸಮಸ್ಯೆ ತೀರುತ್ತದೆ. ನುಲಿಯ ಚಂದಯ್ಯನವರ ಕಥೆ ನಮ್ಮ ಅನುಭಾವ ಗೋಷ್ಠಿಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಹುಲ್ಲು ಕೊಯ್ಯುವ ಕಾಯಕ ಬಿಡಲೊಲ್ಲದೆ, ಬೆನ್ನು ಹತ್ತಿ ಬಂದ ಲಿಂಗಕ್ಕೇ ಹಗ್ಗ ಮಾರುವ ಕೆಲಸ ಹಚ್ಚಿದವರು ಅವರು. ಲಿಂಗಕ್ಕೂ ಕಾಯಕ ತಪ್ಪಲಿಲ್ಲವೆಂದು ಚಪ್ಪಾಳೆ ತಟ್ಟುವ ನಾವು ಹೆತ್ತವ್ವನಿಗೆ ತನ್ನ ಗಂಗಾಳ ತೊಳೆಯುವ ಕಾಯಕವನ್ನೂ ಬಿಡುವುದಿಲ್ಲ.

ಇನ್ನೊಂದು ಮಾತು ಖಾರವಾಗಿ ಕೇಳಿಸಬಹುದು. ಆಸ್ಪತ್ರೆಯ ಗದ್ದಲದಲ್ಲಿ ಅವ್ವನ ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಕಾರ್ಡು ನನ್ನ ಜೇಬಿಗೆ ಬಂದವು. ಅವರು ಗುಣವಾದ ಮೇಲೂ ಎಂಟು ತಿಂಗಳು ನನ್ನ ಜೇಬಿನಲ್ಲೇ ಇದ್ದವು. ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಮೊಮ್ಮಗಳಿಗೆ ಬಳೆಗೆ ನೂರು ರೂಪಾಯಿ ಕೊಡಲು ಅವರು ನನ್ನ ಮುಖ ನೋಡಬೇಕಾಯಿತು. ಎಷ್ಟು ಲಿಂಗಾಯತ ಮನೆಗಳಲ್ಲಿ ವೃದ್ಧರ ಪಿಂಚಣಿ ಹೀಗೆ ಮಗನ ಜೇಬಿನಲ್ಲಿದೆಯೋ ಅವರವರೇ ನೋಡಿಕೊಳ್ಳಬೇಕು.

ಹಾಗೆಂದು ಎಬ್ಬಿಸಿ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಕೊರೊನಾದ ಬಳಿಕ ಕೆಲವರಿಗೆ ಸ್ವಲ್ಪ ದುಡಿದರೂ ಮರುದಿನ ಏಳಲಾಗದಷ್ಟು ಸುಸ್ತು ಬರುತ್ತದೆ. ಇಂಥ ತೊಂದರೆ ಸೋಂಕು ತಗಲಿ ಮೂರು ತಿಂಗಳಾದರೂ ಇದ್ದರೆ ಅದನ್ನು ಪ್ರತ್ಯೇಕ ಸ್ಥಿತಿಯೆಂದೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗುರುತಿಸಿತು. ಅಂಥವರಿಗೆ ಕೆಲಸವನ್ನು ಒಡೆದು ಕೊಡಬೇಕು: ಮುಖ ತೊಳೆದ ಮೇಲೆ ವಿಶ್ರಾಂತಿ, ಆಮೇಲೆ ಪೂಜೆ, ಬಾಚಣಿಕೆ ಮಧ್ಯಾಹ್ನಕ್ಕೆ. ಎದೆನೋವು, ತಲೆಸುತ್ತು, ಏದುಸಿರು ಹೆಚ್ಚಾದರೆ ವೈದ್ಯರ ಬಳಿ ಹೋಗಲೇಬೇಕು. ಉಳಿದವರಿಗೆ ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ, ದಿನಕ್ಕೆ ಎರಡು ಸಲ, ಆದಷ್ಟು. ಊಟದಲ್ಲಿ ಬರೀ ಗಂಜಿ ಸಾಲದು. ಮಾಂಸ ಉಣ್ಣದ ನಮಗೆ ತೊಗರಿಬೇಳೆ, ಹೆಸರು, ಶೇಂಗಾ, ಹಾಲು, ಮೊಸರುಗಳಿಂದಲೇ ಮಾಂಸಖಂಡ ಬರಬೇಕು.

ಮಠಗಳನ್ನು ಕೇಳುವುದೂ ಇದೆ. ಹಾಸಿಗೆ ಹಿಡಿದ ವೃದ್ಧರ ಮನೆಗೇ ಹೋಗಿ ಆರೈಕೆ ಹೇಳಿಕೊಡುವುದು ಕೇಂದ್ರದ ವೃದ್ಧರ ಆರೋಗ್ಯ ಕಾರ್ಯಕ್ರಮದ ಭಾಗವಾಗಿದೆ. ಅದು 2010ರಲ್ಲಿಯೇ ಆರಂಭವಾಯಿತು. ಅದು ತಮ್ಮ ಊರಿಗೆ ಬರುತ್ತಿದೆಯೇ ಎಂದು ಪೂಜ್ಯರು ಒಂದು ಮಾತು ಕೇಳಿದರೆ ಅಧಿಕಾರಿಗಳು ಕಿವಿಗೊಡುತ್ತಾರೆ, ನಾವು ಕೇಳಿದರೆ ಕೊಡುವುದಿಲ್ಲ. ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿಯೂ ಇದೆ, ಮಠದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬಹುದು. ದಾಸೋಹ ಮನೆಯ ಮೆಟ್ಟಿಲಿಗೆ ಹಿಡಿಕೆ ಹಾಕಿಸಲು, ನೆಲಕ್ಕೆ ಕೂರಲಾರದವರಿಗೆ ನಾಲ್ಕು ಕುರ್ಚಿ ಇಡಿಸಲು ದೊಡ್ಡ ದೇಣಿಗೆ ಬೇಕಿಲ್ಲ. ಅಕ್ಕನ ಬಳಗದ ತಾಯಂದಿರು ಮಾಸಿಕ ಶಿವಾನುಭವಕ್ಕೆ ಬರುವುದು ನಿಲ್ಲಿಸಿದ ಹಿರಿಯರ ಪಟ್ಟಿ ಮಾಡಿ, ಅವರ ಮನೆಗೆ ಹೋಗಿ, ಅಲ್ಲಿಂದ ಮಠದವರೆಗೆ ಜೊತೆಗೆ ನಡೆದು ಬರಲಿ. ಆಟೋ ತರಿಸುವುದು ಸುಲಭ, ಆದರೆ ನಡೆಸಿ ತನ್ನಿ.

ಅವ್ವ ಈಗ ತಮ್ಮ ಲಿಂಗವನ್ನು ತಾವೇ ಹಿಡಿಯುತ್ತಾರೆ. ಎಡ ಮೊಣಕೈ ಕೆಳಗೆ ಒಂದು ದಿಂಬು ಇಟ್ಟಿದ್ದೇವೆ, ತೊಡೆಯ ಮೇಲೆ ಒಂದು ತಾಟು. ನೀರು ಅರ್ಧ ಹೊರಗೇ ಚೆಲ್ಲುತ್ತದೆ. ಒರೆಸಲು ಹೋದರೆ ಬಟ್ಟೆ ಕಸಿದುಕೊಳ್ಳುತ್ತಾರೆ.